ಟ್ರಿಮ್‌ಲೆಫ್ಟ್ ಅಂದ್ರೆ ಯಾರ ಎಡ? ಉರ್ದು ಪಠ್ಯದ ಸ್ಪೇಸ್ ಕತ್ತರಿಸೋದು ಹೇಗೆ?

ಸರಸ್ವತಿಪುರಂ_ಕೋಡರ್
ಎಲ್ಲರಿಗೂ ನಮಸ್ಕಾರ. ಮೈಸೂರಿನ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಆರ್ಡರ್ ಸಾಫ್ಟ್‌ವೇರ್ ಮಾಡಿಕೊಡೋ ಸಣ್ಣ ತಂಡ ನಮ್ಮದು. ಮದುವೆ ಕಾರ್ಡು, ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಇಂಥವೇ. ಕನ್ನಡ, ಇಂಗ್ಲಿಷ್ ಜೊತೆ ಉರ್ದು ಆರ್ಡರ್‌ಗಳೂ ಚೆನ್ನಾಗಿ ಬರ್ತವೆ. ಎಲ್ಲ ಪ್ರಾಜೆಕ್ಟಿಗೂ ಆಗೋ ಹಾಗೆ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಲೈಬ್ರರಿ ಬರೀತಿದೀವಿ. ಅದರಲ್ಲಿ ಟ್ರಿಮ್, ಟ್ರಿಮ್‌ಲೆಫ್ಟ್, ಟ್ರಿಮ್‌ರೈಟ್ ಅಂತ, ತುದಿಯ ಖಾಲಿ ಸ್ಪೇಸ್ ಕತ್ತರಿಸೋ ಮೂರು ಫಂಕ್ಷನ್ ಇವೆ.

ಉರ್ದು ಓದಬಲ್ಲ ನಮ್ಮ ಟೆಸ್ಟರ್ ಒಂದು ಬಗ್ ಹಾಕಿದಾರೆ: "ಟ್ರಿಮ್‌ಲೆಫ್ಟ್ ಕರೆದ್ರೆ ಬಲಗಡೆ ಸ್ಪೇಸ್ ಹೋಗುತ್ತೆ, ಎಡಗಡೇದು ಹಾಗೇ ಉಳಿಯುತ್ತೆ." ಕೋಡ್ ನೋಡಿದ್ರೆ ಸ್ಟ್ರಿಂಗ್‌ನ ಮೊದಲ ತುದಿಯಿಂದಲೇ ಕತ್ತರಿಸ್ತಿದೆ. ಆದ್ರೂ ಅವರು ಹೇಳೋದು ನ್ಯಾಯವಾಗೇ ಇದೆ. ಉರ್ದು ಅಕ್ಷರ ಕಂಡ ಕೂಡ್ಲೆ ಫಂಕ್ಷನ್ನೇ ಒಳಗಿಂದ ದಿಕ್ಕು ತಿರುಗಿಸ್ಕೊಳ್ಳಲಿ ಅಂತ ತಂಡದಲ್ಲಿ ಕೆಲವರು. ಹೆಸರೇ ಬದಲಾಗಬೇಕು ಅಂತ ಉಳಿದವರು. ನಿಮಗೇನು ಅನ್ಸುತ್ತೆ?

ಇನ್ನೊಂದು ಪ್ರಶ್ನೆ. ಫೋನಿಂದ ಕಾಪಿ ಮಾಡಿದ ಉರ್ದುವಿನ ತುದೀಲಿ ಕಣ್ಣಿಗೆ ಕಾಣದ ದಿಕ್ಕಿನ ಗುರುತುಗಳು ಸೇರಿಕೊಂಡು ಬರ್ತವೆ, ಆರ್‌ಎಲ್‌ಎಂ (ಬಲದಿಂದ ಎಡಕ್ಕೆ ಅನ್ನೋ ಗುರುತು) ಥರದವು. ಸ್ಪೇಸ್ ಜೊತೆ ಅವನ್ನೂ ಕತ್ತರಿಸಬೇಕಾ, ಬೇಡವಾ?

ಮಂಡ್ಯ_ಸಕ್ಕರೆ
ಹೆಸ್ರು ಬದ್ಲಾಯ್ಸಿ ಬುಡಿ ಅಣ್ಣೋ. ಕಾರ್ಖಾನೆ ಗೇಟ್ ಮುಂದೆ ಕಬ್ಬಿನ ಗಾಡಿ ಸಾಲು ನಿಂತಿರ್ತವಲ್ಲ, ರಸ್ತೆ ಈ ಬದೀಲಿ ನಿಂತ್ಕಂಡು ನೋಡುದ್ರೂ ಆ ಬದೀಲಿ ನಿಂತ್ಕಂಡು ನೋಡುದ್ರೂ ಮುಂದ್ಲ ಗಾಡಿ ಮುಂದ್ಲುದೇಯ. ಸ್ಟ್ರಿಂಗೂ ಅಂಗೇ. ಶುರು, ಕೊನೆ ಅನ್ನಾದು ಅದರದ್ದು. ಎಡ, ಬಲ ಅನ್ನಾದು ನೋಡೋರ್ದು.

ಹೂಟಗಳ್ಳಿ_ರಸ್ಟ್
ಈ ಜಗಳ ದೊಡ್ಡ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆಗಲೇ ಆಗಿ ಹೋಗಿದೆ. ರಸ್ಟ್‌ನಲ್ಲಿ ಮೊದಲು ಟ್ರಿಮ್_ಲೆಫ್ಟ್, ಟ್ರಿಮ್_ರೈಟ್ ಇದ್ವು. 1.30ರಲ್ಲಿ ಟ್ರಿಮ್_ಸ್ಟಾರ್ಟ್, ಟ್ರಿಮ್_ಎಂಡ್ ತಂದ್ರು. 1.33ರಿಂದ ಹಳೇದನ್ನ ಬಳಸಿದ್ರೆ ಕಂಪೈಲರ್ ಎಚ್ಚರಿಸುತ್ತೆ. ಜಾವಾಸ್ಕ್ರಿಪ್ಟ್‌ನಲ್ಲಿ ಬ್ರೌಸರ್‌ಗಳು ಟ್ರಿಮ್‌ಲೆಫ್ಟ್ ಅಂತ ತಾವೇ ಕೊಟ್ಟಿದ್ವು. 2019ರ ಸ್ಟ್ಯಾಂಡರ್ಡ್ ಟ್ರಿಮ್‌ಸ್ಟಾರ್ಟ್ ಅನ್ನೋ ಹೆಸರನ್ನ ಒಪ್ಪಿಕೊಂಡು, ಹಳೆ ವೆಬ್‌ಸೈಟ್ ಮುರೀಬಾರದು ಅಂತ ಟ್ರಿಮ್‌ಲೆಫ್ಟನ್ನ ಅದರ ಇನ್ನೊಂದು ಹೆಸರಾಗಿ ಉಳಿಸ್ಕೊಂಡಿತು. ಈಗ ಟ್ರಿಮ್‌ಲೆಫ್ಟ್ ಫಂಕ್ಷನ್‌ನ ನೇಮ್ ಕೇಳಿದ್ರೆ ಟ್ರಿಮ್‌ಸ್ಟಾರ್ಟ್ ಅಂತಲೇ ಉತ್ತರ ಬರುತ್ತೆ, ಬೇಕಾದ್ರೆ ಬ್ರೌಸರ್ ಕನ್ಸೋಲ್‌ನಲ್ಲಿ ನೋಡಿ. ಜಾವಾ 11ರಲ್ಲಿ ಸ್ಟ್ರಿಪ್‌ಲೀಡಿಂಗ್, ಸ್ಟ್ರಿಪ್‌ಟ್ರೇಲಿಂಗ್. ಸಿ ಶಾರ್ಪ್‌ನಲ್ಲಿ ಟ್ರಿಮ್‌ಸ್ಟಾರ್ಟ್, ಟ್ರಿಮ್‌ಎಂಡ್. ಪೈಥಾನ್ ಎಲ್‌ಸ್ಟ್ರಿಪ್‌ನಲ್ಲೇ ಇದೆ, ಗೋ ಟ್ರಿಮ್‌ಲೆಫ್ಟ್‌ನಲ್ಲೇ ಇದೆ. ಹೊಸದಾಗಿ ಬರೆಯೋರು ಎಡ ಬಲಕ್ಕೆ ಹೋಗೋ ಅಗತ್ಯವೇ ಇಲ್ಲ.

ಫೈನಲ್_ಇಯರ್_ಹುಡುಗಿ
ಒಂದು ಡೌಟ್ ಸರ್. ಉರ್ದುನ ಬಲದಿಂದ ಎಡಕ್ಕೆ ಬರೀತಾರೆ ಅಂದ್ಮೇಲೆ ಮೆಮೊರಿಯಲ್ಲೂ ಉಲ್ಟಾ ಇರಲ್ವಾ?

ಯುನಿಕೋಡ್_ಮೇಷ್ಟ್ರು
ಇಲ್ಲಮ್ಮ. ಯುನಿಕೋಡ್‌ನಲ್ಲಿ ಅಕ್ಷರಗಳನ್ನ ಓದುವ ಕ್ರಮದಲ್ಲೇ ಇಡ್ತಾರೆ. ಉರ್ದು ಪದದ ಮೊದಲ ಅಕ್ಷರ ಸೊನ್ನೆಯ ಸ್ಥಾನದಲ್ಲೇ ಇರುತ್ತೆ. ಪರದೆ ಮೇಲೆ ಬಲದಿಂದ ಜೋಡಿಸೋದು ಆಮೇಲಿನ ಕೆಲಸ, ಅದಕ್ಕೆ ಯುಎಎಕ್ಸ್ 9 ಅನ್ನೋ ನಿಯಮಾವಳಿ ಇದೆ, ಬೈಡಿ ಅಲ್ಗಾರಿದಂ ಅಂತಾರೆ.

ಆದರೆ ಮೇಲಿನ ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿದೀರಿ. ಉರ್ದು ಸ್ಟ್ರಿಂಗ್‌ನ ಶುರುವಿನ ಸ್ಪೇಸ್ ಯಾವಾಗಲೂ ಬಲಕ್ಕೇ ಕಾಣುತ್ತೆ ಅಂತ ತಿಳ್ಕೊಂಡ್ರೆ ಅದು ಸರಿಯಲ್ಲ. ಸ್ಪೇಸ್‌ಗೆ ಸ್ವಂತ ದಿಕ್ಕಿಲ್ಲ. ಪ್ಯಾರಾದ ಮೂಲ ದಿಕ್ಕು ಎಡದಿಂದ ಬಲಕ್ಕೆ ಇದ್ರೆ, ಪೂರ್ತಿ ಉರ್ದು ಇರೋ ಸ್ಟ್ರಿಂಗ್‌ನಲ್ಲೂ ಶುರುವಿನ ಸ್ಪೇಸ್ ಎಡಕ್ಕೇ ಕಾಣುತ್ತೆ. ಕೊನೆಯ ಸ್ಪೇಸ್ ಬಲಕ್ಕೆ ಹೋಗುತ್ತೆ, ಯಾಕಂದ್ರೆ ಸಾಲಿನ ಕೊನೆಯ ಸ್ಪೇಸ್‌ಗೆ ಪ್ಯಾರಾದ ದಿಕ್ಕನ್ನೇ ಕೊಡಬೇಕು ಅಂತ ಎಲ್1 ನಿಯಮ ಹೇಳುತ್ತೆ. ಮೂಲ ದಿಕ್ಕು ಬಲದಿಂದ ಎಡಕ್ಕೆ ಇದ್ರೆ ಮಾತ್ರ ಇವೆರಡೂ ಅದಲುಬದಲು. ಅಂದ್ರೆ ಅದೇ ಸ್ಟ್ರಿಂಗ್ ಒಂದು ಬಾಕ್ಸ್‌ನಲ್ಲಿ ಒಂಥರ, ಪಕ್ಕದ ಬಾಕ್ಸ್‌ನಲ್ಲಿ ಇನ್ನೊಂಥರ. ಅಕ್ಷರ ನೋಡಿ ದಿಕ್ಕು ತಿರುಗಿಸೋ ಫಂಕ್ಷನ್‌ಗೆ ಬಾಕ್ಸ್ ಯಾವುದು ಅಂತ ಗೊತ್ತಾಗೋದು ಹೇಗೆ? ಆ ಯೋಚನೆ ಇಲ್ಲಿಗೇ ಕೈಬಿಡಿ.

ಮಂಡಿಮೊಹಲ್ಲಾ_ಡಿಟಿಪಿ
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅಂಗಡೀಲಿ ದಿನಾ ಕಾಣೋದೇ ಇದು. ಆರ್ಡರ್ ಎಂಟ್ರಿ ಪೇಜು ಇಂಗ್ಲಿಷ್ ದಿಕ್ಕಿನದು, ಕಾರ್ಡ್ ಪ್ರಿವ್ಯೂ ಉರ್ದು ದಿಕ್ಕಿನದು. ಒಂದೇ ಹೆಸರಿನ ಕೊನೆಯಲ್ಲಿರೋ ಸ್ಪೇಸ್ ಅಲ್ಲಿ ಬಲಕ್ಕಿರುತ್ತೆ, ಇಲ್ಲಿ ಎಡಕ್ಕೆ. ನಿಮ್ಮ ಟೆಸ್ಟರ್ ಪ್ರಿವ್ಯೂ ನೋಡಿ ಬಗ್ ಹಾಕಿರ್ತಾರೆ ಭಾಯ್, ಎಂಟ್ರಿ ಪೇಜಲ್ಲಿ ನೋಡಿದ್ರೆ ಟ್ರಿಮ್‌ಲೆಫ್ಟ್ ಸರಿಯಾಗೇ ಕಂಡಿರೋದು. ಕೇಳಿ ನೋಡಿ.

ಸರಸ್ವತಿಪುರಂ_ಕೋಡರ್
ಈಗ ತಾನೇ ಫೋನ್ ಮಾಡಿ ಕೇಳ್ದೆ. ಪ್ರಿವ್ಯೂನೇ! ಎಂಟ್ರಿ ಪೇಜಲ್ಲಿ ಎಲ್ಲ ಸರಿ ಕಾಣ್ತಿದೆಯಂತೆ.

ನಂಜುಮಳಿಗೆ_ಫ್ರಂಟೆಂಡ್
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಇಪ್ಪತ್ತು ವರ್ಷದ ಕೋಡ್‌ನಲ್ಲೆಲ್ಲ ಎಲ್‌ಟ್ರಿಮ್, ಆರ್‌ಟ್ರಿಮ್ ಅಂತಿದೆ, ಎಸ್‌ಕ್ಯೂಎಲ್‌ನಲ್ಲೂ ಅದೇ, ಎಕ್ಸೆಲ್‌ನಲ್ಲಿ ಲೆಫ್ಟ್ ಅಂದ್ರೆ ಮೊದಲ ಅಕ್ಷರಗಳು ಅಂತ ಲೆಕ್ಕದವರಿಗೂ ಗೊತ್ತು. ಲೆಫ್ಟ್ ಅಂದ್ರೆ ಶುರು ಅನ್ನೋದು ರೂಢಿಯಾಗಿ ಹೋಗಿದೆ. ಡಾಕ್ಯುಮೆಂಟೇಶನ್‌ನಲ್ಲಿ ಒಂದು ಸಾಲು ಬರೆದ್ರೆ ಮುಗೀತಲ್ಲ, ಹೆಸರು ಬದಲಾಯಿಸಿ ಎಲ್ಲ ಕಡೆ ಕೋಡ್ ತಿದ್ದೋ ತಾಪತ್ರಯ ಯಾಕೆ?

ಡೇಟಾಬೇಸ್_ಮದ್ದೂರು
@ನಂಜುಮಳಿಗೆ ಎಸ್‌ಕ್ಯೂಎಲ್ ಹೆಸರು ಎತ್ತಿದ್ರಿ ಅಂತ ಹೇಳ್ತೀನಿ. ಸ್ಟ್ಯಾಂಡರ್ಡ್ ಎಸ್‌ಕ್ಯೂಎಲ್‌ನಲ್ಲಿ ಮೊದಲಿಂದ ಇರೋದು ಟ್ರಿಮ್ ಲೀಡಿಂಗ್, ಟ್ರಿಮ್ ಟ್ರೇಲಿಂಗ್. 1992ರ ಸ್ಟ್ಯಾಂಡರ್ಡ್‌ನಲ್ಲೇ ಹಾಗಿದೆ. ಎಡ ಬಲ ತರದೆ ಮುಂದಿನದು, ಹಿಂದಿನದು ಅಂತ ಆಗಲೇ ಬರೆದಿದ್ರು.

ಹೂಟಗಳ್ಳಿ_ರಸ್ಟ್
@ನಂಜುಮಳಿಗೆ ನೀವು ಫ್ರಂಟೆಂಡ್‌ನವರು, ವೆಬ್ ಪುಟದ ರೂಪ ಹೇಳೋ ಸಿಎಸ್‌ಎಸ್‌ನಲ್ಲಿ ಮಾರ್ಜಿನ್-ಲೆಫ್ಟ್ (ಎಡದ ಅಂಚು) ಬಿಟ್ಟು ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್ (ಸಾಲು ಶುರುವಾಗೋ ಕಡೆಯ ಅಂಚು) ಯಾಕೆ ಬಳಸ್ತೀರಿ? ಅಲ್ಲಿ ಎರಡೂ ಬೇಕು, ಯಾಕಂದ್ರೆ ಪರದೆಗೆ ನಿಜವಾಗಿಯೂ ಎಡ ಬಲ ಇದೆ. ಸ್ಟ್ರಿಂಗ್‌ಗೆ ಇಲ್ಲ.

ನಂಜುಮಳಿಗೆ_ಫ್ರಂಟೆಂಡ್
ಅದು ಒಪ್ಪೋ ಮಾತು. ಆದ್ರೂ ಹಳೆ ಹೆಸರು ಇದ್ದಕ್ಕಿದ್ದ ಹಾಗೆ ಕಿತ್ತಾಕಬೇಡಿ ಅನ್ನೋದು ನನ್ನ ವಾದ. ಜಾವಾಸ್ಕ್ರಿಪ್ಟ್‌ನವರೂ ಕಿತ್ತಿಲ್ಲ.

ಮಂಡ್ಯ_ಸಕ್ಕರೆ
ಹೆಸ್ರಿಂದು ಮುಗೀತಲ್ಲ, ಆ ಕಾಣದ ಗುರುತಿಂದು ಏಳ್ರಪ್ಪ. ನಮ್ ಹಾಲಿನ ಡೈರಿ ಸಾಫ್ಟ್‌ವೇರ್‌ನಾಗೆ ಮೊಬೈಲ್ ನಂಬರ್ ಕಾಲಂಗೆ ಯಾರೋ ಪೇಸ್ಟ್ ಮಾಡವ್ರೆ. ನೋಡಕ್ಕೆ ಹತ್ತೇ ಅಂಕೆ, ಲೆಂತ್ ಕೇಳುದ್ರೆ ಹನ್ನೆರಡು ಅಂತದೆ. ಟ್ರಿಮ್ ಮಾಡುದ್ರೂ ಹನ್ನೆರಡೇ.

ಯುನಿಕೋಡ್_ಮೇಷ್ಟ್ರು
ಆ ಎರಡು ಬಹುಶಃ ಯು+202ಎ ಮತ್ತು ಯು+202ಸಿ (ಯು+ ಅಂದ್ರೆ ಯುನಿಕೋಡ್‌ನಲ್ಲಿ ಅಕ್ಷರದ ಸಂಖ್ಯೆ). ಒಂದು ಎಡದಿಂದ ಬಲದ ದಿಕ್ಕನ್ನ ಶುರು ಮಾಡುತ್ತೆ, ಇನ್ನೊಂದು ಮುಗಿಸುತ್ತೆ. ಕೆಲವು ಆಪ್‌ಗಳು ಫೋನ್ ನಂಬರಿನ ಸುತ್ತ ಇವನ್ನ ಹಾಕ್ತವೆ, ಅದಕ್ಕೆ ಕಾರಣವೂ ಇದೆ. ಬಲದಿಂದ ಎಡಕ್ಕೆ ಹೋಗೋ ಸಾಲಿನಲ್ಲಿ +91 ಇರೋ ನಂಬರ್ ಬರೆದ್ರೆ ಪ್ಲಸ್ ಗುರುತು ಹಾರಿ ಬಲತುದಿಗೆ ಕೂರುತ್ತೆ, ಮಧ್ಯೆ ಸ್ಪೇಸ್ ಇದ್ರೆ ಅಂಕೆಗಳ ಗುಂಪೂ ಸ್ಥಾನ ಬದಲಿಸ್ತವೆ. ಅದನ್ನ ತಡೆಯೋಕೆ ಈ ಜೋಡಿ.

ಇವು ಯಾವುವೂ ವೈಟ್‌ಸ್ಪೇಸ್ (ಖಾಲಿ ಜಾಗದ ಅಕ್ಷರ) ಅಲ್ಲ. ಯುನಿಕೋಡ್‌ನ ವೈಟ್_ಸ್ಪೇಸ್ ಗುಣ ಇರೋದು 25 ಅಕ್ಷರಗಳಿಗೆ ಮಾತ್ರ. ಈ ಗುರುತುಗಳು ಫಾರ್ಮ್ಯಾಟ್ ವರ್ಗದವು. ಹಾಗಾಗಿ ಟ್ರಿಮ್ ಅವನ್ನ ಮುಟ್ಟಲ್ಲ.

ಪಾಂಡವಪುರ_ಪಿಎಚ್‌ಪಿ
ಆದ್ರೆ ಯುನಿಕೋಡ್ ಕಡತದಲ್ಲೇ ಆರ್‌ಎಲ್‌ಎಂ, ಅದರ ಉಲ್ಟಾ ಎಲ್‌ಆರ್‌ಎಂ ಎರಡನ್ನೂ ವೈಟ್‌ಸ್ಪೇಸ್ ಪಟ್ಟೀಲಿ ನೋಡಿದೀನಲ್ಲ ಸಾರ್?

ಯುನಿಕೋಡ್_ಮೇಷ್ಟ್ರು
ನೀವು ನೋಡಿದ್ದು ಪ್ಯಾಟರ್ನ್_ವೈಟ್_ಸ್ಪೇಸ್ ಪಟ್ಟಿ. ಅದರಲ್ಲಿ ಆ ಎರಡೂ, ಅಂದ್ರೆ ಯು+200ಇ, ಯು+200ಎಫ್, ಇವೆ. ಅದು ಪ್ರೋಗ್ರಾಮಿಂಗ್ ಭಾಷೆಯ ಕೋಡ್ ಓದುವ ಲೆಕ್ಸರ್‌ಗೆ ಅಂತ ಮಾಡಿದ್ದು. ಜನ ಬರೆದ ಪಠ್ಯಕ್ಕೆ ಆ ಪಟ್ಟಿ ಹಾಕಬಾರದು.

ಸರಸ್ವತಿಪುರಂ_ಕೋಡರ್
ಹಾಗಾದ್ರೆ ಮೇಷ್ಟ್ರೇ, ಫಾರ್ಮ್ಯಾಟ್ ವರ್ಗದ್ದನ್ನೂ ತುದಿಯಿಂದ ಕತ್ತರಿಸೋ ಆಯ್ಕೆ ಕೊಟ್ರೆ ತೊಂದರೆ ಏನು? ಕಾಣೋದೇ ಇಲ್ಲವಲ್ಲ.

ಮಂಡಿಮೊಹಲ್ಲಾ_ಡಿಟಿಪಿ
ಕಾಣಲ್ಲ, ಆದ್ರೆ ಕೆಲಸ ಮಾಡ್ತಾ ಇರುತ್ತೆ. ನಮ್ಮ ಕಡೆ ಅಂಗಡಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಶುರುವಾಗಿ ಮುಂದಕ್ಕೆ ಉರ್ದು ಇರೋ ಬೋರ್ಡ್ ಬೇಕಾದಷ್ಟಿವೆ. ಅಂಥ ಸಾಲಿನ ಮೊದಲು ಒಂದು ಆರ್‌ಎಲ್‌ಎಂ ಹಾಕಿದ್ರೆ ತಾನೇ ಸಾಲು ಬಲದಿಂದ ಶುರುವಾಗೋದು? ಆಟೋ ದಿಕ್ಕು ಅಂದ್ರೆ ಮೊದಲ ಗಟ್ಟಿ ದಿಕ್ಕಿನ (ಸ್ವಂತ ದಿಕ್ಕಿರೋ) ಅಕ್ಷರ ಯಾವುದು ಅಂತ ನೋಡ್ತದೆ. ಆರ್‌ಎಲ್‌ಎಂ ತೆಗೆದ್ರೆ ಇಂಗ್ಲಿಷ್ ಅಕ್ಷರ ಸಿಕ್ತದೆ, ಇಡೀ ಸಾಲು ಎಡಕ್ಕೆ ತಿರುಗ್ತದೆ, ಕೊನೆಯ ಪೂರ್ಣವಿರಾಮ ಬಲತುದಿಗೆ ಹೋಗಿ ನಿಲ್ತದೆ. ಗಿರಾಕಿ ಪ್ರೂಫ್ ನೋಡಿ ಸಹಿ ಹಾಕಿದ ಮೇಲೆ ಪ್ಲೇಟ್‌ನಲ್ಲಿ ಬೇರೆ ಥರ ಬಂದ್ರೆ ಕಾಗದದ ದುಡ್ಡು ಯಾರು ಕೊಡ್ತಾರೆ? ದಯವಿಟ್ಟು ಡಿಫಾಲ್ಟ್ ಆಗಿ ತೆಗೀಬೇಡಿ.

ಯುನಿಕೋಡ್_ಮೇಷ್ಟ್ರು
ಜೋಡಿ ಗುರುತುಗಳದ್ದು ಇನ್ನೂ ಕಷ್ಟ. 2013ರಲ್ಲಿ ಯುನಿಕೋಡ್ 6.3 ಐಸೊಲೇಟ್‌ಗಳನ್ನ ತಂದಿತು. ಯು+2067 ಬಲದಿಂದ ಎಡದ ಕೋಣೆ ತೆರೆಯುತ್ತೆ, ಯು+2069 ಮುಚ್ಚುತ್ತೆ. ಟ್ರಿಮ್‌ಎಂಡ್ ಹೋಗಿ ಮುಚ್ಚೋದನ್ನ ಮಾತ್ರ ತಿಂದ್ರೆ, ತೆರೆದದ್ದು ಪ್ಯಾರಾ ಮುಗಿಯೋವರೆಗೂ ತೆರೆದೇ ಇರುತ್ತೆ. ಆ ಸ್ಟ್ರಿಂಗ್ ಮುಂದೆ ನೀವು ಜೋಡಿಸಿದ ಬೆಲೆ, ದಿನಾಂಕ ಎಲ್ಲ ಅದರ ದಿಕ್ಕಿಗೆ ಸಿಕ್ಕಿಹಾಕಿಕೊಳ್ತವೆ.

ಇದರ ಉಲ್ಟಾ ಸಮಸ್ಯೆಯೂ ಇದೆ. ಐಸೊಲೇಟ್ ಒಳಗೆ ಸ್ಪೇಸ್ ಇದ್ರೆ ಮಾಮೂಲಿ ಟ್ರಿಮ್‌ಗೆ ಅದು ಕಾಣಲ್ಲ, ತುದಿಯಲ್ಲಿರೋದು ಗುರುತು ಅಂತ ಅಲ್ಲೇ ನಿಂತುಬಿಡುತ್ತೆ. ನನ್ನನ್ನ ಕೇಳಿದ್ರೆ ಬೇರೆಯದೇ ಒಂದು ಫಂಕ್ಷನ್ ಬರೀರಿ. ತುದಿಯಿಂದ ಒಳಗೆ ನಡೀತಾ ದಿಕ್ಕಿನ ಗುರುತು ಸಿಕ್ಕಿದ್ರೆ ಹಾಗೇ ಉಳಿಸ್ಕೊಂಡು, ಸ್ಪೇಸ್ ಸಿಕ್ಕಿದ್ರೆ ಬಿಟ್ಟು, ಮೊದಲ ನಿಜವಾದ ಅಕ್ಷರ ಸಿಕ್ಕಾಗ ನಿಲ್ಲೋದು. ಜೋಡಿ ಮುರಿಯಲ್ಲ, ಒಳಗಿನ ಸ್ಪೇಸೂ ಹೋಗುತ್ತೆ.

ಮಂಡ್ಯ_ಸಕ್ಕರೆ
ನಂಬರ್ ಕಾಲಂಗೆ ಅಷ್ಟೆಲ್ಲ ಬ್ಯಾಡ ಕಣ್ರಿ. ಅಂಕೆ, ಪ್ಲಸ್ಸು ಬುಟ್ಟು ಮಿಕ್ಕಿದ್ದೆಲ್ಲ ತೆಗೆದಾಕ್ತೀನಿ. ಅದುನ್ನ ಟ್ರಿಮ್ ಅನ್ನಾದೇ ಬ್ಯಾಡ, ನಂಬರ್ ಶುದ್ಧಿ ಅಂತ ಬ್ಯಾರೇ ಫಂಕ್ಷನ್.

ಡೇಟಾಬೇಸ್_ಮದ್ದೂರು
ಇದು ಸರಿಯಾದ ದಾರಿ. ಹುಡುಕೋಕೆ ಬಳಸೋ ಫೀಲ್ಡು, ಓದೋಕೆ ಬಳಸೋ ಫೀಲ್ಡು ಬೇರೆ ಬೇರೆ. ಯೂಸರ್‌ನೇಮ್, ಇಮೇಲ್, ನಂಬರ್‌ನಲ್ಲಿ ದಿಕ್ಕಿನ ಗುರುತು ಇರಲೇಬಾರದು. ಇದ್ರೆ ನೋಡೋಕೆ ಒಂದೇ ಥರ ಇರೋ ಎರಡು ಖಾತೆ ಆಗ್ತವೆ, ಒಂದೇ ಹೆಸರು ಎರಡು ಸಲ ಬಾರದ ಹಾಗೆ ನೋಡೋ ಯುನೀಕ್ ಇಂಡೆಕ್ಸ್ ಕೂಡ ತಡೆಯಲ್ಲ. ವಿಳಾಸ, ಕಾರ್ಡಿನ ಒಕ್ಕಣೆ ಇಂಥವಕ್ಕೆ ಮಾತ್ರ ಗುರುತು ಉಳಿಸಿ.

ಫೈನಲ್_ಇಯರ್_ಹುಡುಗಿ
ಕನ್ನಡ ಎಡದಿಂದ ಬಲಕ್ಕೆ ತಾನೆ? ನಾವು ಕನ್ನಡ ಆಪ್ ಮಾತ್ರ ಮಾಡೋರಿಗೆ ಇದೆಲ್ಲ ಬೇಕಾ?

ಗಂಜಾಂ_ಗುಂಬಜ್
ಬೇಕು. ಶ್ರೀರಂಗಪಟ್ಟಣದ ಪರ್ಷಿಯನ್ ಶಾಸನಗಳ ಪಾಠವನ್ನ ಟೈಪ್ ಮಾಡಿ, ಪಕ್ಕದಲ್ಲಿ ಕನ್ನಡ ಅರ್ಥ, ಇಂದಿನ ಪರ್ಷಿಯನ್‌ನಲ್ಲಿ ಟಿಪ್ಪಣಿ ಬರೆಯೋ ಕೆಲಸ ಹವ್ಯಾಸಕ್ಕೆ ಮಾಡ್ತೀನಿ. ಎರಡೂ ಭಾಷೆಗೆ ಒಂದೇ ಅಕ್ಷರದಿಂದ ತೊಂದರೆ ಆಗುತ್ತೆ: ಯು+200ಸಿ, ಝಡ್‌ಡಬ್ಲ್ಯುಎನ್‌ಜೆ, ಪಕ್ಕದ ಅಕ್ಷರಗಳು ಅಂಟದ ಹಾಗೆ ತಡೆಯೋ ಕಾಣದ ಅಕ್ಷರ. ಪರ್ಷಿಯನ್‌ನಲ್ಲಿ ಬಹುವಚನದ "ಹಾ" ಪ್ರತ್ಯಯವನ್ನ ಪದಕ್ಕೆ ಅಂಟದ ಹಾಗೆ ಬಿಡಿಸಿ ಬರೆಯೋಕೆ ಇದೇ ಬೇಕು. ಕನ್ನಡದಲ್ಲಿ ಒತ್ತಕ್ಷರ ಆಗದ ಹಾಗೆ ತಡೆಯೋಕೂ ಇದೇ.

ಮದುವೆ ಕಾರ್ಡ್ ಉದಾಹರಣೇನೇ ತಗೊಳ್ಳಿ. ಹೆಸರಿನ ಫೀಲ್ಡ್‌ನಲ್ಲಿ "ಕುಮಾರ್" ಆದ ಮೇಲೆ ಈ ಕಾಣದ ಅಕ್ಷರ ಇದೆ. ಟೆಂಪ್ಲೇಟ್ "ರವರ ಸುಪುತ್ರ" ಅಂತ ಅಂಟಿಸುತ್ತೆ. ಅಕ್ಷರ ಇದ್ರೆ "ಕುಮಾರ್‌ರವರ" ಅಂತ ಅಚ್ಚಾಗುತ್ತೆ. ಕತ್ತರಿಸಿದ್ರೆ "ಕುಮಾರ್ರವರ", ಎರಡು ರ ಸೇರಿ ಒತ್ತಕ್ಷರ. ಹುಡುಗನ ಅಪ್ಪನ ಹೆಸರು ಹಾಗೆ ಅಚ್ಚಾದ್ರೆ ಮನೆಯವರಿಗೆ ಹೇಗಾಗಬೇಡ?

ಸರಸ್ವತಿಪುರಂ_ಕೋಡರ್
ಅಬ್ಬಾ, ನಮ್ಮ ಟೆಂಪ್ಲೇಟ್ ಇರೋದೇ ಹೀಗೆ!

ಮಂಡಿಮೊಹಲ್ಲಾ_ಡಿಟಿಪಿ
ಟೆಂಪ್ಲೇಟಿನ "ರವರ" ಶುರುವಾಗೋ ಮೊದಲೇ ಆ ಅಕ್ಷರ ಹಾಕಿ ಇಡಿ. ಹೆಸರು ಟೈಪ್ ಮಾಡೋರನ್ನ ನೆಚ್ಚಿಕೊಂಡ್ರೆ ಆಗಲ್ಲ, ನುಡಿ ತಂತ್ರಾಂಶದ ಹಳೆ ಫೈಲಿಂದ ಪರಿವರ್ತನೆ ಆಗಿ ಬಂದ ಹೆಸರಲ್ಲಿ ಅದು ಇರ್ತದೋ ಇಲ್ಲವೋ ಹೇಳೋಕಾಗಲ್ಲ. ಉರ್ದುವಿನಲ್ಲೂ ಇನ್‌ಪೇಜ್ ತಂತ್ರಾಂಶದ ಹಳೆ ಫೈಲ್‌ಗಳದ್ದು ಇದೇ ಪಾಡು.

ಯುನಿಕೋಡ್_ಮೇಷ್ಟ್ರು
ಯು+200ಸಿ ಮಾತು ಬಂತು ಅಂತ ಇದನ್ನ ಹೇಳಲೇಬೇಕು. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ಅನ್ನೋ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ 34 ನಿಮಿಷ ನಿಂತುಹೋಯ್ತು. ಕಾರಣ ಒಂದು ಟ್ರಿಮ್. ಎರಡೂ ತುದಿಯ ವೈಟ್‌ಸ್ಪೇಸ್ ಮತ್ತು ಇದೇ ಯು+200ಸಿ ತೆಗೆಯೋ ರೆಜೆಕ್ಸ್ (ಮಾದರಿ ಕೊಟ್ಟು ಪಠ್ಯ ಹುಡುಕೋ ಸೂತ್ರ). ಒಂದು ಪೋಸ್ಟಿನ ನಡುವೆ ಸುಮಾರು 20,000 ವೈಟ್‌ಸ್ಪೇಸ್ ಸಾಲಾಗಿ ಇದ್ವು, ಅವುಗಳ ಆಚೆ ಬೇರೆ ಅಕ್ಷರ ಇತ್ತು. ಕೊನೆ ಸಿಗುತ್ತಾ ಅಂತ ರೆಜೆಕ್ಸ್ ಮೊದಲ ಸ್ಪೇಸ್‌ನಿಂದ ಓಡಿತು, ಸಿಗಲಿಲ್ಲ. ಎರಡನೆಯದರಿಂದ ಮತ್ತೆ ಓಡಿತು. ಹೀಗೆ ಕೂಡಿಸಿದ್ರೆ ಸುಮಾರು 20 ಕೋಟಿ ಹೋಲಿಕೆ. ಆ ಪೋಸ್ಟ್ ಮುಖಪುಟಕ್ಕೆ ಬಂದಿತ್ತು, ಸರ್ವರ್‌ಗಳೆಲ್ಲ ಅದರಲ್ಲೇ ಮುಳುಗಿದ್ವು. ಇದನ್ನ ಅವರೇ ವಿವರವಾಗಿ ಪ್ರಕಟಿಸಿದಾರೆ.

ಆದ್ದರಿಂದ ಟ್ರಿಮ್‌ಎಂಡ್‌ಗೆ ರೆಜೆಕ್ಸ್ ಬೇಡ. ಕೊನೆಯಿಂದ ಹಿಂದಕ್ಕೆ ಒಂದು ಲೂಪ್ ಬರೀರಿ, ಸ್ಪೇಸ್ ಅಲ್ಲದ್ದು ಸಿಕ್ಕ ಕಡೆ ನಿಲ್ಲಿ, ಅಷ್ಟೇ.

ಪಾಂಡವಪುರ_ಪಿಎಚ್‌ಪಿ
ಪಿಎಚ್‌ಪಿಯವರಿಗೂ ಒಂದು ಎಚ್ಚರಿಕೆ. ವೆಬ್ ಪೇಜಿಂದ ಕಾಪಿ ಮಾಡಿದ್ರಲ್ಲಿ ಎನ್‌ಬಿಎಸ್‌ಪಿ (ಅಲ್ಲಿ ಸಾಲು ಮುರಿಯದ ಹಾಗೆ ಹಿಡಿಯೋ ಸ್ಪೇಸ್) ಬರುತ್ತೆ, ಮಾಮೂಲಿ ಟ್ರಿಮ್‌ಗೆ ಅದು ಹೋಗಲ್ಲ. ಹಾಗಾಗಿ ಆರ್‌ಟ್ರಿಮ್‌ನ ಎರಡನೇ ಆರ್ಗ್ಯುಮೆಂಟ್ ಆಗಿ ಅದನ್ನ ಕೊಡ್ತಾರೆ. ಪಿಎಚ್‌ಪಿಯ ಟ್ರಿಮ್ ಕತ್ತರಿಸೋದು ಅಕ್ಷರ ಅಲ್ಲ, ಬೈಟ್. ಯುನಿಕೋಡನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8ರಲ್ಲಿ ಎನ್‌ಬಿಎಸ್‌ಪಿ ಅಂದ್ರೆ ಸಿ2, ಎ0 ಅನ್ನೋ ಎರಡು ಬೈಟ್. ನಮ್ಮ "ಠ" ಅಂದ್ರೆ ಇ0, ಬಿ2, ಎ0. ಹಾಗಾಗಿ "ಮಠ", "ಪಾಠ", "ಹಠ" ಇಂಥ ಪದದಲ್ಲಿ ಮುಗಿಯೋ ಸಾಲಿನ ಕೊನೆ ಬೈಟ್ ಹಾರಿಹೋಗಿ, ಅಲ್ಲೊಂದು ಪ್ರಶ್ನಾರ್ಥಕದ ಚೌಕ ಬರುತ್ತೆ. ಮಿಕ್ಕ ಸಾಲುಗಳೆಲ್ಲ ಸರಿ ಇರ್ತವೆ, ಎಲ್ಲಿ ಕೆಟ್ಟಿದೆ ಅಂತ ಹುಡುಕೋಕೇ ಆಗಲ್ಲ. ಅರಬ್ಬಿ ಸೊನ್ನೆ, ಯು+0660, ಅದೂ ಡಿ9, ಎ0. ಅದರಲ್ಲಿ ಮುಗಿಯೋ ಬೆಲೆ ಇದ್ರೆ ಅದೂ ಹಾಳು. ಉರ್ದುವಿನ ಸೊನ್ನೆ ಬೇರೆ ಕೋಡ್, ಅದಕ್ಕೇನೂ ಆಗಲ್ಲ. 2024ರಲ್ಲಿ ಬಂದ 8.4ರಲ್ಲಿ ಎಂಬಿ_ಟ್ರಿಮ್ ಇದೆ, ಅದನ್ನೇ ಬಳಸಿ.

ಫೈನಲ್_ಇಯರ್_ಹುಡುಗಿ
ಈಗಷ್ಟೇ "ಪಾಠ" ಹಾಕಿ ನೋಡ್ದೆ, ನಿಜವಾಗ್ಲೂ ಮುರೀತು!! ಪ್ರಾಜೆಕ್ಟ್ ರಿಪೋರ್ಟಿಗೆ ಇದನ್ನ ಹಾಕ್ಕೋತೀನಿ ಸರ್.

ಹೂಟಗಳ್ಳಿ_ರಸ್ಟ್
ಒಂದೊಂದು ಭಾಷೆಯ ಟ್ರಿಮ್ ಒಂದೊಂದು ಥರ ಅನ್ನೋದನ್ನೂ ಟೆಸ್ಟ್‌ನಲ್ಲಿ ಸೇರಿಸಿ. ಜಾವಾದ ಹಳೆ ಟ್ರಿಮ್ ಯು+0020 ಮತ್ತು ಅದಕ್ಕಿಂತ ಕೆಳಗಿನದನ್ನ ಮಾತ್ರ ತೆಗೆಯುತ್ತೆ. ಜಾವಾಸ್ಕ್ರಿಪ್ಟ್ ಬಿಒಎಂ (ಫೈಲಿನ ಶುರುವಲ್ಲಿ ಬರೋ ಕಾಣದ ಗುರುತು) ಅಕ್ಷರವನ್ನೂ ತೆಗೆಯುತ್ತೆ, ಪೈಥಾನ್ ತೆಗೆಯಲ್ಲ. ಸರ್ವರ್‌ನಲ್ಲಿ ಒಂದು, ಬ್ರೌಸರ್‌ನಲ್ಲಿ ಒಂದು ಇದ್ರೆ ಅದೇ ಹೆಸರು ಎರಡು ಕಡೆ ಎರಡಾಗುತ್ತೆ.

ಗಂಜಾಂ_ಗುಂಬಜ್
ಎನ್‌ಬಿಎಸ್‌ಪಿಯನ್ನೂ ಕಣ್ಣುಮುಚ್ಚಿ ತೆಗೀಬೇಡಿ. ಉರ್ದು ಅಕ್ಷರಾಭ್ಯಾಸದ ಪುಸ್ತಕದಲ್ಲಿ ಜಬರ್, ಜೇರ್ ಅನ್ನೋ ಸ್ವರದ ಗುರುತನ್ನ ಒಂಟಿಯಾಗಿ ತೋರಿಸಬೇಕಾದ್ರೆ ಅದರ ಮೇಲೇ ಕೂರಿಸ್ತಾರೆ, ಕನ್ನಡ ಕಾಗುಣಿತದ ಚಾರ್ಟ್‌ನಲ್ಲಿ ಬರೀ ಗುಡಿಸು ತೋರಿಸೋಕೂ ಅದೇ ಉಪಾಯ. ಕೆಳಗಿನದು ಹೋದ್ರೆ ಗುರುತು ಹಿಂದಿನ ಪದಕ್ಕೆ ಹೋಗಿ ಅಂಟಿಕೊಳ್ಳುತ್ತೆ.

ಸರಸ್ವತಿಪುರಂ_ಕೋಡರ್
ಎಲ್ಲರಿಗೂ ತುಂಬಾ ಧನ್ಯವಾದ. ತಂಡದಲ್ಲಿ ಮಾತಾಡಿ ಆಯ್ತು. ಇನ್ಮುಂದೆ ಟ್ರಿಮ್‌ಸ್ಟಾರ್ಟ್, ಟ್ರಿಮ್‌ಎಂಡ್. ಹಳೆ ಹೆಸರು ಕೆಲಸ ಮಾಡ್ತವೆ, ಎಚ್ಚರಿಕೆ ಕೊಡ್ತವೆ. ಡಿಫಾಲ್ಟ್ ಆಗಿ ವೈಟ್_ಸ್ಪೇಸ್ 25 ಮಾತ್ರ, ಜಬರ್, ಗುಡಿಸಿನಂಥ ಗುರುತು ಹೊತ್ತ ಸ್ಪೇಸನ್ನ ಮುಟ್ಟಲ್ಲ. ದಿಕ್ಕಿನ ಗುರುತು, ಯು+200ಸಿ ಎರಡಕ್ಕೂ ಕೈ ಹಾಕಲ್ಲ. ದಿಕ್ಕಿನ ಗುರುತು ದಾಟಿ ಸ್ಪೇಸ್ ತೆಗೆಯೋದು ಬೇರೆ ಫಂಕ್ಷನ್, ನಂಬರ್ ಶುದ್ಧಿ ಮತ್ತೊಂದು. "ರವರ" ಟೆಂಪ್ಲೇಟ್ ಇವತ್ತೇ ಸರಿ ಮಾಡಿದ್ವಿ.

ನಂಜುಮಳಿಗೆ_ಫ್ರಂಟೆಂಡ್
ಹಳೆ ಹೆಸರಿಗೆ ಎಚ್ಚರಿಕೆ ಕೊಡೋದೂ ಬೇಡ ಅಂತಲೇ ನಾನು ಈಗಲೂ ಹೇಳೋದು. ಬಿಲ್ಡ್ ಲಾಗ್ ತುಂಬ ಹಳದಿ ಸಾಲು ಬಂದ್ರೆ ಯಾರೂ ಓದಲ್ಲ.

ಹೂಟಗಳ್ಳಿ_ರಸ್ಟ್
ಓದಲಿ ಅಂತಾನೇ ಬರೋದು.

ಮಂಡಿಮೊಹಲ್ಲಾ_ಡಿಟಿಪಿ
ಟೆಸ್ಟ್‌ಗೆ ಉರ್ದು ಸಾಲುಗಳು ಬೇಕಾದ್ರೆ ಹೇಳಿ ಭಾಯ್, ಅಂಗಡಿಯ ಹಳೆ ಪ್ರೂಫ್‌ಗಳಿಂದ ಹೆಸರು ತೆಗೆದು ಕೊಡ್ತೀನಿ. ಇಂಗ್ಲಿಷ್ ಬೆರೆತದ್ದು, ಬೆಲೆ ಇರೋದು, ಆವರಣ ಚಿಹ್ನೆ ಇರೋದು ಎಲ್ಲ ಇವೆ. ಎರಡೂ ದಿಕ್ಕಿನ ಬಾಕ್ಸ್‌ನಲ್ಲಿ ಹಾಕಿ ಪ್ರಿಂಟ್ ತೆಗೆದು ತನ್ನಿ, ಕೂತು ನೋಡೋಣ.

ಮಂಡ್ಯ_ಸಕ್ಕರೆ
ಆ ಸಾಲುಗಳ ಫೈಲು ಇಲ್ಲೂ ಒಸಿ ಹಾಕಿ, ನಮ್ ಡೈರಿ ಕೋಡ್ ಮೇಲೂ ಓಡುಸ್ತೀನಿ.